ಸೆಲೆಸ್ಟ್ ಆಟದ ಅಡಗುತಾಣಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಆಯ್ದ ಪ್ರಶ್ನೆಗಳೆಲ್ಲ ಒಂದೇ ಆಟದವು. 2018ರ ಜನವರಿಯಲ್ಲಿ ಬಿಡುಗಡೆಯಾದ ‘ಸೆಲೆಸ್ಟ್’ನಲ್ಲಿ ಮ್ಯಾಡಲಿನ್ ಎಂಬ ಹುಡುಗಿ ಬೆಟ್ಟ ಹತ್ತುತ್ತಾಳೆ. ಜಿಗಿತ, ಗೋಡೆ ಹಿಡಿದು ಹತ್ತುವುದು, ಗಾಳಿಯಲ್ಲಿ ಒಂದು ಡ್ಯಾಶ್ (ಒತ್ತಿದ ದಿಕ್ಕಿಗೆ ಒಮ್ಮೆಲೇ ನುಗ್ಗುವುದು): ಅವಳ ಕೈಯಲ್ಲಿರುವುದು ಇಷ್ಟೇ. ದಾರಿಯುದ್ದಕ್ಕೂ 175 ಕೆಂಪು ಸ್ಟ್ರಾಬೆರಿಗಳಿವೆ. ಅವುಗಳ ಜೊತೆಗೆ ಕ್ರಿಸ್ಟಲ್ ಹಾರ್ಟ್‌ಗಳು, ಕ್ಯಾಸೆಟ್‌ಗಳು, ಕೊನೆಗೆ ಚಿನ್ನದ ಬೆರಿಗಳು. ಆಟ ಮುಗಿಸಲು ಬೆರಿ ಒಂದೂ ಬೇಕಿಲ್ಲ. ಆದರೂ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಬೆರಿಯ ಬಗ್ಗೆಯೇ.

ಪ್ರಶ್ನೆ: ಸ್ಟ್ರಾಬೆರಿ ಮುಟ್ಟಿದೆ, ಅದು ಬೆನ್ನ ಹಿಂದೆ ತೇಲುತ್ತ ಬಂತು. ಮುಂದಿನ ಸ್ಕ್ರೀನಿನಲ್ಲಿ ಸತ್ತೆ, ಬೆರಿ ಲೆಕ್ಕಕ್ಕೇ ಬರಲಿಲ್ಲ. ಇದು ಆಟದ ದೋಷವೇ? (ದಾವಣಗೆರೆ)

ದೋಷವಲ್ಲ, ನಿಯಮವೇ ಹಾಗಿದೆ. ಮುಟ್ಟಿದ ಮಾತ್ರಕ್ಕೆ ಬೆರಿ ನಿಮ್ಮದಾಗುವುದಿಲ್ಲ. ಗಟ್ಟಿ ನೆಲದ ಮೇಲೆ ಕಾಲೂರಿ ಕ್ಷಣಕಾಲ, ಅಂದರೆ ಸುಮಾರು 0.15 ಸೆಕೆಂಡು, ನಿಂತ ಮೇಲೆಯೇ ಅದು ಜಮೆಯಾಗುವುದು. ಕುಸಿಯುವ ಹಲಗೆ, ಬೀಳುವ ಬ್ಲಾಕ್, ಹಳಿಯ ಮೇಲೆ ಓಡುವ ಬ್ಲಾಕ್ ಇವ್ಯಾವುವೂ ಗಟ್ಟಿ ನೆಲವಲ್ಲ. ಗೋಡೆಗೆ ಜೋತುಬಿದ್ದರೂ ಪ್ರಯೋಜನವಿಲ್ಲ. ಜಮೆಯಾಗುವ ಮೊದಲೇ ಸತ್ತರೆ ಬೆರಿ ತನ್ನ ಮೂಲ ಜಾಗಕ್ಕೆ ಹೋಗಿ ಕೂರುತ್ತದೆ.

ಹಾಗಾಗಿ ಹಾರುವ ಮುನ್ನ ಬೆರಿಯನ್ನು ನೋಡುವುದಕ್ಕಿಂತ, ಅದನ್ನು ತೆಗೆದುಕೊಂಡು ಎಲ್ಲಿ ಇಳಿಯುತ್ತೇನೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಎಷ್ಟೋ ಕಡೆ ಬೆರಿ ತಲುಪುವುದು ಸುಲಭ, ಡ್ಯಾಶ್ ಖರ್ಚಾದ ಮೇಲೆ ವಾಪಸು ಬರುವುದೇ ಕಷ್ಟ. ಗೋಡೆ ಹಿಡಿದರೆ ಡ್ಯಾಶ್ ಮರಳಿ ಸಿಗುವುದಿಲ್ಲ. ನೆಲ ಮುಟ್ಟಬೇಕು, ಇಲ್ಲವೇ ಹಸಿರು ಹರಳು ಮುಟ್ಟಬೇಕು.

ಚೂರುಚೂರಾಗಿ ಹರಡಿದ ಬೀಜಗಳಿರುವ ಕಡೆ ಇದು ತಿರುಗುಮುರುಗು. ಎಲ್ಲ ಬೀಜ ಸೇರಿದರಷ್ಟೇ ಬೆರಿ ಆಗುವುದು. ನಡುವೆ ನೆಲಕ್ಕೆ ಕಾಲಿಟ್ಟಿರೋ, ಸಿಕ್ಕಿದ ಬೀಜಗಳೆಲ್ಲ ಹಿಂದಿರುಗುತ್ತವೆ.

ಪ್ರಶ್ನೆ: ಮೊದಲ ಚಾಪ್ಟರ್‌ನಲ್ಲಿ 20ಕ್ಕೆ 19 ಸಿಕ್ಕಿವೆ. ಉಳಿದ ಒಂದಕ್ಕಾಗಿ ಇಡೀ ಚಾಪ್ಟರ್ ಮತ್ತೆ ಆಡಬೇಕೇ? (ಶಿರಸಿ)

ಬೇಡ. ಚಾಪ್ಟರ್ ಒಮ್ಮೆ ಮುಗಿಸಿದ್ದರೆ ಆಟವೇ ಗುಟ್ಟು ಬಿಟ್ಟುಕೊಡುತ್ತದೆ. ಚಾಪ್ಟರ್ ಒಳಗಿದ್ದಾಗ ಪಾಸ್ ಒತ್ತಿ. ತೆರೆಯ ಕೆಳಗಡೆ ಚುಕ್ಕಿಗಳ ಒಂದು ಸಾಲು ಕಾಣುತ್ತದೆ. ಒಂದು ಚುಕ್ಕಿ ಅಂದರೆ ಒಂದು ಬೆರಿ. ನಡುನಡುವೆ ಇರುವ ಗೆರೆಗಳು ಚೆಕ್‌ಪಾಯಿಂಟ್‌ಗಳು. ಬಣ್ಣವಿಲ್ಲದೆ ಮಂಕಾಗಿರುವ ಚುಕ್ಕಿ ಯಾವ ಗೆರೆಗಳ ನಡುವೆ ಇದೆ ನೋಡಿ. ಚಾಪ್ಟರ್ ಒಂದರಲ್ಲಿ ಮೂರು ಭಾಗಗಳಿವೆ: ಆರಂಭ, ಕ್ರಾಸಿಂಗ್, ಕ್ಯಾಝಮ್. ಚುಕ್ಕಿಗಳ ಸಾಲು ದಾರಿಯ ಕ್ರಮದಲ್ಲೇ ಇರುವುದರಿಂದ ಆ ಭಾಗದ ಮೊದಲಿಗೋ ಕೊನೆಗೋ ಎಂಬುದೂ ಅಂದಾಜಾಗುತ್ತದೆ.

ಮ್ಯಾಪ್‌ಗೆ ಮರಳಿ ಆ ಚೆಕ್‌ಪಾಯಿಂಟ್ ಆರಿಸಿಕೊಂಡು ನೇರ ಅಲ್ಲಿಂದ ಶುರು ಮಾಡಿ. ಈಗಾಗಲೇ ತೆಗೆದುಕೊಂಡ ಬೆರಿಗಳು ನೀಲಿ ಛಾಯೆಯಾಗಿ ಕಾಣುತ್ತವೆ, ಅವನ್ನು ಬಿಟ್ಟು ಮುಂದೆ ನಡೆಯಿರಿ. ಕೆಂಪು ಕಂಡರೆ ಅದೇ ನಿಮ್ಮದು. ಅದು ಜಮೆಯಾದ ಕೂಡಲೇ ಮ್ಯಾಪ್‌ಗೆ ಹಿಂದಿರುಗಬಹುದು, ಚಾಪ್ಟರ್ ಮುಗಿಸಬೇಕಾಗಿಲ್ಲ.

ಕೆಂಪು ಕಾಣಲೇ ಇಲ್ಲವೆಂದರೆ ಅದು ಪಕ್ಕದ ಗುಪ್ತ ಕೋಣೆಯಲ್ಲಿದೆ. ಆಗ ಸ್ಕ್ರೀನನ್ನು ಓದುವ ಅಭ್ಯಾಸ ಬೇಕು. ಮೊದಲು ಮುಂದಿನ ದಾರಿ ಯಾವುದೆಂದು ಗುರುತಿಸಿಕೊಂಡು, ಅದನ್ನು ಬಿಟ್ಟು ಉಳಿದ ಅಂಚುಗಳನ್ನೆಲ್ಲ ನೋಡಿ. ಮೇಲ್ಚಾವಣಿಯಲ್ಲಿ ಕಿಂಡಿ ಇದೆಯೇ, ಎಡಗೋಡೆ ತೆರೆಯ ಅಂಚಿಗಿಂತ ಮೊದಲೇ ನಿಂತುಬಿಟ್ಟಿದೆಯೇ? ಎಲ್ಲಿಗೂ ಕರೆದೊಯ್ಯದ ಒಂದು ಚಿಕ್ಕ ಮೆಟ್ಟಿಲು ಎತ್ತರದಲ್ಲಿ ಕಂಡರೆ ಅದನ್ನು ಸುಮ್ಮನೆ ಇಟ್ಟಿರುವುದಿಲ್ಲ. ಈ ಆಟದ ಕೋಣೆಗಳು ಎಷ್ಟು ಬಿಗಿಯಾಗಿವೆ ಎಂದರೆ ಕೆಲಸವಿಲ್ಲದ ಕಲ್ಲು ಬಹಳ ಕಡಿಮೆ. ಬಿರುಕು ಬಿಟ್ಟ ಗೋಡೆಗೆ ಡ್ಯಾಶ್ ಮಾಡಿ ಗುದ್ದಿ, ಒಡೆಯುತ್ತದೆ. ಕೆಲವು ಗೋಡೆಗಳು ಬರೀ ತೋರಿಕೆಯವು, ಒಳಹೊಕ್ಕರೆ ಮಾಯವಾಗಿ ದಾರಿ ಕಾಣುತ್ತದೆ. ದುರ್ಬೀನು ನಿಲ್ಲಿಸಿರುವ ಕಡೆ ತಪ್ಪದೆ ಬಳಸಿ, ಕ್ಯಾಮೆರಾ ಎಲ್ಲಿಯವರೆಗೆ ಸರಿಯುತ್ತದೋ ಅಲ್ಲಿಯವರೆಗೂ ಕೋಣೆ ಇದೆ ಎಂದೇ ಅರ್ಥ.

ಇನ್ನೊಂದು ವಿಷಯ ಹಲವರ ಗಮನಕ್ಕೆ ಬರುವುದಿಲ್ಲ. ಮುಳ್ಳುಗಳು ಎಲ್ಲ ದಿಕ್ಕಿನಿಂದಲೂ ಕೊಲ್ಲುವುದಿಲ್ಲ. ಮುಳ್ಳು ಯಾವ ಕಡೆಗೆ ಚಾಚಿದೆಯೋ ಅದೇ ಕಡೆಗೆ ನೀವೂ ಚಲಿಸುತ್ತಿದ್ದರೆ ಏನೂ ಆಗುವುದಿಲ್ಲ. ಮೇಲ್ಮುಖವಾದ ಮುಳ್ಳುಗಳ ನಡುವಿನಿಂದ ಮೇಲಕ್ಕೆ ಡ್ಯಾಶ್ ಮಾಡಬಹುದು. ಇಳಿಯುವಾಗ ಮುಟ್ಟಿದರೆ ಸಾವು. ‘ಇದು ಮುಚ್ಚಿದ ದಾರಿ’ ಎಂದು ಬಿಟ್ಟುಬಂದ ಜಾಗಗಳನ್ನು ಇದೊಂದು ತಿಳಿದ ಮೇಲೆ ಮತ್ತೆ ನೋಡಿ.

ಪ್ರಶ್ನೆ: ರೆಕ್ಕೆ ಇರುವ ಬೆರಿ ಹತ್ತಿರ ಹೋಗುವಷ್ಟರಲ್ಲಿ ಹಾರಿಹೋಗುತ್ತದೆ. ಹಿಡಿಯುವುದು ಹೇಗೆ? (ಬೆಂಗಳೂರು)

ನೀವು ಹತ್ತಿರ ಹೋದದ್ದಕ್ಕಲ್ಲ, ಡ್ಯಾಶ್ ಒತ್ತಿದ್ದಕ್ಕೆ ಅದು ಹಾರಿದ್ದು. ಎಷ್ಟು ದೂರದಿಂದ ಒತ್ತಿದರೂ ಅಷ್ಟೇ. ಆ ಕೋಣೆಯಲ್ಲಿ ಡ್ಯಾಶ್ ಬಟನ್ನಿನಿಂದ ಬೆರಳು ತೆಗೆದುಬಿಡಿ. ಹಾರಿಹೋಗಿದ್ದರೆ ಚಿಂತೆಯಿಲ್ಲ, ಪಾಸ್ ಮೆನುವಿನಲ್ಲಿ ‘ರಿಟ್ರೈ’ ಕೊಟ್ಟರೆ ಮರಳಿ ಬರುತ್ತದೆ.

ಡ್ಯಾಶ್ ಇಲ್ಲದೆ ಎತ್ತರ ಸೇರಲು ಸ್ಟ್ಯಾಮಿನಾ, ಅಂದರೆ ಗೋಡೆ ಹಿಡಿಯುವ ಶಕ್ತಿಯ, ಲೆಕ್ಕ ತಿಳಿದಿರಬೇಕು. ಆಟ ಮಾಡಿದವರೇ ಮ್ಯಾಡಲಿನ್‌ಳ ಚಲನೆಯ ಕೋಡ್ ಪ್ರಕಟಿಸಿರುವುದರಿಂದ ಅಂಕಿಗಳು ಖಚಿತವಾಗಿವೆ. ಒಟ್ಟು ಸ್ಟ್ಯಾಮಿನಾ 110. ಗೋಡೆ ಹಿಡಿದು ಅಲುಗಾಡದೆ ನಿಂತರೆ ಸೆಕೆಂಡಿಗೆ 10 ಹೋಗುತ್ತದೆ, ಅಂದರೆ 11 ಸೆಕೆಂಡು ನಿಲ್ಲಬಹುದು. ಮೇಲಕ್ಕೆ ಹತ್ತಿದರೆ ಸೆಕೆಂಡಿಗೆ ಸುಮಾರು 45, ಎರಡೂವರೆ ಸೆಕೆಂಡಿನೊಳಗೆ ಎಲ್ಲ ಖಾಲಿ. ಗೋಡೆ ಹಿಡಿದೇ ಮೇಲಕ್ಕೆ ಜಿಗಿದರೆ ಒಂದು ಜಿಗಿತಕ್ಕೆ 27.5, ಹೀಗೆ ನಾಲ್ಕೇ ಜಿಗಿತ. ಮ್ಯಾಡಲಿನ್ ಕೆಂಪಗೆ ಮಿನುಗಲು ಶುರುವಾದರೆ ಉಳಿದಿರುವುದು 20ಕ್ಕಿಂತ ಕಡಿಮೆ.

ಖರ್ಚೇ ಇಲ್ಲದ ದಾರಿಯೂ ಒಂದಿದೆ. ಆಟಗಾರರು ಅದಕ್ಕೆ ನ್ಯೂಟ್ರಲ್ ಜಂಪ್ ಎನ್ನುತ್ತಾರೆ. ಗೋಡೆಯ ಪಕ್ಕ ಇರುವಾಗ ಹಿಡಿತದ ಬಟನ್ ಬಿಡಿ, ದಿಕ್ಕಿನ ಬಟನ್ನನ್ನೂ ಬಿಡಿ, ಜಂಪ್ ಮಾತ್ರ ಒತ್ತಿ. ಅವಳು ಗೋಡೆಯಿಂದ ಸ್ವಲ್ಪವೇ ಸರಿದು ಮೇಲೇರುತ್ತಾಳೆ. ಕೂಡಲೇ ಗೋಡೆಯ ಕಡೆ ದಿಕ್ಕು ಒತ್ತಿ ಮರಳಿಸಿ, ಮತ್ತೆ ದಿಕ್ಕು ಬಿಟ್ಟು ಜಂಪ್. ಜಂಪ್ ಬಟನ್ ಒತ್ತಿ ಹಿಡಿದಷ್ಟೂ ಎತ್ತರ ಹೆಚ್ಚು. ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ: ದಿಕ್ಕು ಬಿಡದೆ ಜಂಪ್ ಒತ್ತಿದರೆ ಅವಳು ದೂರ ಚಿಮ್ಮುತ್ತಾಳೆ, ತಡವಾಗಿ ಮರಳಿಸಿದರೆ ಗಳಿಸಿದ ಎತ್ತರವೆಲ್ಲ ಬೀಳುವಾಗ ಹೋಗುತ್ತದೆ. ಮುಳ್ಳಿಲ್ಲದ ಒಂದು ಎತ್ತರದ ಗೋಡೆ ಹುಡುಕಿ ಅಲ್ಲಿ ತಾಳ ಹಿಡಿಸಿಕೊಳ್ಳಿ.

ಅಂಚಿನಿಂದ ಕಾಲು ಜಾರಿದ ಮೇಲೂ 0.1 ಸೆಕೆಂಡು ಜಂಪ್ ಒತ್ತಲು ಅವಕಾಶವಿದೆ. ದೂರ ಸಾಲದು ಅನಿಸಿದ ಜಿಗಿತಗಳಲ್ಲಿ ಕೊನೆಯ ಅಂಚಿನವರೆಗೂ ಓಡಿ ಒತ್ತಿ.

ಪ್ರಶ್ನೆ: ಮೊದಲ ಚಾಪ್ಟರ್‌ನ ಒಂದು ಕೋಣೆಯಲ್ಲಿ ಡಿಶ್ ಇದೆ, ಪಕ್ಕದ ಕಂಪ್ಯೂಟರ್ ತೆರೆಯಲ್ಲಿ ಬಣ್ಣಗಳು ಮಿನುಗುತ್ತವೆ, ಬಣ್ಣಬಣ್ಣದ ಹಕ್ಕಿಗಳು ಹಾರುತ್ತವೆ. ಏನು ಮಾಡಬೇಕು? (ಧಾರವಾಡ)

ಕ್ರಿಸ್ಟಲ್ ಹಾರ್ಟ್ ಅಲ್ಲೇ ಇದೆ. ಹಕ್ಕಿಯ ಬಣ್ಣಕ್ಕೂ ಅದು ಹಾರುವ ದಿಕ್ಕಿಗೂ ಸಂಬಂಧವಿದೆ. ಬಣ್ಣಗಳ ಕ್ರಮವನ್ನು ತೆರೆ ಹೇಳುತ್ತದೆ. ಎರಡನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡರೆ ಒಗಟು ತಾನೇ ಬಿಡುತ್ತದೆ. ಸ್ವಂತ ಬಿಡಿಸುವ ಆಸೆಯಿದ್ದವರು ಮುಂದಿನ ಪ್ಯಾರಾ ಓದಬೇಡಿ, ಇಡೀ ಆಟದಲ್ಲಿ ನಮಗೆ ಅತಿ ಇಷ್ಟವಾದ ಒಗಟುಗಳಲ್ಲಿ ಇದೂ ಒಂದು.

ಬಿಳಿ ಮೇಲಕ್ಕೆ, ನೇರಳೆ ಎಡಕ್ಕೆ, ನೀಲಿ ಬಲ-ಕೆಳಕ್ಕೆ, ಕೆಂಪು ಬಲ-ಮೇಲಕ್ಕೆ, ಹಳದಿ ಎಡ-ಮೇಲಕ್ಕೆ. ತೆರೆಯ ಕ್ರಮ: ಬಿಳಿ, ನೇರಳೆ, ನೀಲಿ, ಕೆಂಪು, ನೇರಳೆ, ಹಳದಿ. ಅದೇ ಕೋಣೆಯಲ್ಲಿ ಈ ಆರು ದಿಕ್ಕಿಗೆ ಸಾಲಾಗಿ ಡ್ಯಾಶ್ ಮಾಡಿ. ಅವಸರ ಬೇಡ, ಒಂದೊಂದಕ್ಕೂ ನೆಲಕ್ಕಿಳಿದು ಡ್ಯಾಶ್ ತುಂಬಿಸಿಕೊಳ್ಳಬಹುದು. ಆಟ ನೋಡುವುದು ಕೊನೆಯ ಆರನ್ನು ಮಾತ್ರ, ಆದ್ದರಿಂದ ನಡುವೆ ತಪ್ಪಿದರೆ ಮತ್ತೆ ಬಿಳಿಯಿಂದ ಹಿಡಿದುಕೊಂಡರಾಯಿತು. ಬಲ-ಕೆಳಗಿನದನ್ನು ನೆಲದ ಮೇಲೆ ನಿಂತು ಮಾಡಬೇಡಿ, ಮೊದಲು ಜಿಗಿದು ಗಾಳಿಯಲ್ಲಿರುವಾಗ ಮಾಡಿ.

ಪ್ರಶ್ನೆ: ಬೆರಿ, ಹಾರ್ಟ್, ಕ್ಯಾಸೆಟ್ ಇವುಗಳಲ್ಲಿ ಯಾವುದು ನಿಜಕ್ಕೂ ಬೇಕು? (ಮಂಗಳೂರು)

ಬೆರಿಯಿಂದ ಯಾವ ಬಾಗಿಲೂ ತೆರೆಯುವುದಿಲ್ಲ. ಎಷ್ಟು ತಂದಿರಿ ಎಂಬುದರ ಮೇಲೆ ಕೊನೆಯಲ್ಲಿ ಮಾಡುವ ಪೈ ಬದಲಾಗುತ್ತದೆ, ಅಷ್ಟೇ. ಕ್ಯಾಸೆಟ್ ಸಿಕ್ಕರೆ ಆ ಚಾಪ್ಟರ್‌ನ ಕಷ್ಟದ ಆವೃತ್ತಿ, ಬಿ-ಸೈಡ್, ತೆರೆಯುತ್ತದೆ. ಹಾರ್ಟ್‌ಗಳೇ ನಿಜವಾದ ಬೀಗದ ಕೈ: ‘ಕೋರ್’ ಚಾಪ್ಟರ್‌ಗೆ 4, 2019ರಲ್ಲಿ ಉಚಿತವಾಗಿ ಬಂದ ‘ಫೇರ್‌ವೆಲ್’ನಲ್ಲಿ ಮುಂದೆ ಹೋಗಲು 15. ಸಮಯ ಕಡಿಮೆ ಇರುವವರು ಹಾರ್ಟ್ ಹುಡುಕಿ, ಬೆರಿಯನ್ನು ದಾರಿಯಲ್ಲಿ ಸಿಕ್ಕಷ್ಟು ತೆಗೆದುಕೊಳ್ಳಿ.

ಪ್ರಶ್ನೆ: ಚಿನ್ನದ ಬೆರಿ ನನಗೆ ಎಲ್ಲೂ ಕಾಣುತ್ತಿಲ್ಲ. (ಮೈಸೂರು)

ಎರಡು ಷರತ್ತುಗಳಿವೆ. ಒಟ್ಟು 16 ಹಾರ್ಟ್ ಸೇರಿರಬೇಕು, ಇನ್ನೂ ಕಷ್ಟದ ಆವೃತ್ತಿಗಳಾದ ಸಿ-ಸೈಡ್‌ಗಳು ತೆರೆಯುವುದೂ ಆಗಲೇ. ಜೊತೆಗೆ ಆ ಚಾಪ್ಟರ್ ಒಮ್ಮೆ ಮುಗಿದಿರಬೇಕು. ಆಮೇಲೆ ಚಾಪ್ಟರ್‌ನ ಮೊದಲ ಕೋಣೆಯಲ್ಲೇ ಅದು ಕಾಣಿಸುತ್ತದೆ. ತೆಗೆದುಕೊಂಡ ಮೇಲೆ ಕೊನೆಯವರೆಗೆ ಒಮ್ಮೆಯೂ ಸಾಯಬಾರದು. ಸತ್ತರೆ ಮೊದಲ ಕೋಣೆಗೇ ವಾಪಸು. ಕೆಂಪು ಬೆರಿಗಳ ಕಡೆ ತಲೆಯೆತ್ತಿಯೂ ನೋಡದೆ ನೇರ ದಾರಿ ಹಿಡಿಯಿರಿ. ಪದೇಪದೇ ಸಾಯುವ ಕೋಣೆಗಳನ್ನು ಚೆಕ್‌ಪಾಯಿಂಟ್‌ನಿಂದ ಬೇರೆಯಾಗಿ ಅಭ್ಯಾಸ ಮಾಡಿಕೊಂಡು ಬನ್ನಿ. ರೆಕ್ಕೆಯ ಚಿನ್ನದ ಬೆರಿ ಒಂದೇ ಒಂದಿದೆ, ಅದು ಚಾಪ್ಟರ್ ಒಂದರಲ್ಲಿ. ಆರಂಭದಿಂದ ಹೊರಟು ಒಂದೂ ಡ್ಯಾಶ್ ಮಾಡದೆ ಕೊನೆ ಮುಟ್ಟಿದವರಿಗೆ.

ಪ್ರಶ್ನೆ: ಕೀಬೋರ್ಡಿನಲ್ಲಿ ಆಡುವ ನನ್ನ ಮಗಳಿಗೆ ಎಡ-ಮೇಲಿನ ಡ್ಯಾಶ್ ಆಗಾಗ ಬರುವುದೇ ಇಲ್ಲ. ಆಟವನ್ನು ಸುಲಭ ಮಾಡುವ ಅಸಿಸ್ಟ್ ಮೋಡ್ ಹಾಕಿಕೊಟ್ಟರೆ ಬೆರಿ ಲೆಕ್ಕಕ್ಕೆ ಬರುತ್ತದೆಯೇ? (ತುಮಕೂರು)

ಮೊದಲು ಕೀಬೋರ್ಡ್ ಪರೀಕ್ಷಿಸಿ. ಮೂಲ ಜೋಡಣೆಯಲ್ಲಿ ಜಂಪ್ ಸಿ, ಡ್ಯಾಶ್ ಎಕ್ಸ್, ಹಿಡಿತ ಝಡ್. ಅಗ್ಗದ ಕೀಬೋರ್ಡ್‌ಗಳು ಕೆಲವು ಕೀಗಳನ್ನು ಮೂರು ಒಟ್ಟಿಗೆ ಒತ್ತಿದರೆ ಒಂದನ್ನು ನುಂಗಿಬಿಡುತ್ತವೆ. ಎಡ ಬಾಣ, ಮೇಲಿನ ಬಾಣ ಒತ್ತಿಹಿಡಿದು ಎಕ್ಸ್ ಒತ್ತಿ ನೋಡಿ. ಬರದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಡ್ಯಾಶನ್ನು ಬೇರೆ ಕೀಗೆ ಕೊಡಿ. ಹಿಡಿತವನ್ನು ಶಿಫ್ಟ್‌ಗೆ ಕೊಟ್ಟರೆ ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ. ಬೆರಳು ಸೋಲುವ ಮಕ್ಕಳಿಗೆ ಹಿಡಿತವನ್ನು ‘ಟಾಗಲ್’ ಮಾಡಿ, ಒತ್ತಿ ಹಿಡಿಯುವ ಶ್ರಮ ತಪ್ಪುತ್ತದೆ.

ಅಸಿಸ್ಟ್ ಮೋಡ್ ಬಳಸಿದರೂ ಬೆರಿ ಲೆಕ್ಕಕ್ಕೆ ಬರುತ್ತದೆ. ಆಟದ ವೇಗವನ್ನು 10 ಶೇಕಡಾದ ಮೆಟ್ಟಿಲಿನಲ್ಲಿ 50 ಶೇಕಡಾದವರೆಗೆ ಇಳಿಸಬಹುದು. 80ರಿಂದ ಶುರು ಮಾಡಿ. ಸಾವೇ ಇಲ್ಲದ ಆಯ್ಕೆಯನ್ನು ಸದ್ಯಕ್ಕೆ ಮುಟ್ಟಬೇಡಿ, ಕೋಣೆ ಓದುವ ಖುಷಿ ಅವಳಿಗೆ ಸಿಗಲಿ.