ನೆಲಗಡಲೆ ಲೇಖನ ವಾಪಸ್ ಕಳಿಸುತ್ತಿದ್ದೇನೆ, ಬೇಜಾರು ಬೇಡ

ನಮಸ್ಕಾರ. ನೆಲಗಡಲೆ ಎಣ್ಣೆಯ ಗುಣ ಮತ್ತು ಜೀನ್ ಬಗ್ಗೆ ನೀವು ಕಳಿಸಿದ ಹನ್ನೊಂದು ಪುಟ ಎರಡು ಸಲ ಓದಿದೆ. ಒಮ್ಮೆ ಇಲ್ಲಿ ಉಡುಪಿಯಲ್ಲಿ, ಇನ್ನೊಮ್ಮೆ ಕುಂದಾಪುರದ ಬಸ್ಸಿನಲ್ಲಿ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಪತ್ರ.

ಮೊದಲು ತಪ್ಪುಗಳು. ಒಲೀಕ್ ಆಮ್ಲ (ಎಣ್ಣೆಯಲ್ಲಿರುವ ಒಂದು ಬಗೆಯ ಕೊಬ್ಬಿನ ಆಮ್ಲ) ಹೆಚ್ಚಿರುವ ತಳಿಯಲ್ಲಿ ಎಣ್ಣೆ ಜಾಸ್ತಿ ಅಂತ ಮೂರು ಕಡೆ ಬರೆದಿದ್ದೀರಿ. ಹಾಗಲ್ಲ ಮಾರಾಯ್ರೆ. ಬೀಜದ ಹೆಚ್ಚುಕಡಿಮೆ ಅರ್ಧ ತೂಕ ಹೇಗೂ ಎಣ್ಣೆಯೇ. ಇಲ್ಲಿ ಬದಲಾಗುವುದು ಎಷ್ಟು ಎಣ್ಣೆ ಅನ್ನುವುದಲ್ಲ, ಎಂಥ ಎಣ್ಣೆ ಅನ್ನುವುದು. ನಿಮ್ಮ ಮಾತು ನಂಬಿ ಕೋಟದ ಕಡೆಯ ರೈತರೊಬ್ಬರು, ಗದ್ದೆ ಕೊಯ್ದ ಮೇಲೆ ಹಾಕೋಣ ಅಂತ ಈ ಬೀಜ ತಂದು, ಗಾಣದಲ್ಲಿ ಎಣ್ಣೆ ಅಷ್ಟೇ ಬಂದರೆ ಬೈಸಿಕೊಳ್ಳುವವ ನಾನು.

ವಿಜ್ಞಾನಿಗಳು ಹೊಸ ಜೀನ್ ತುರುಕಿದರು ಅನ್ನುವುದೂ ತಪ್ಪು. ಇಲ್ಲಿ ಯಾರೂ ಏನೂ ತುರುಕಿಲ್ಲ, ಇದ್ದ ಜೀನ್ ಕೆಲಸ ನಿಲ್ಲಿಸಿದೆ ಅಷ್ಟೆ. ಫ್ಯಾಡ್2 ಜೀನ್ ಒಂದು ಕಿಣ್ವ ಮಾಡಿಸುತ್ತದೆ. ಆ ಕಿಣ್ವ ಒಲೀಕ್ ಆಮ್ಲಕ್ಕೆ ಇನ್ನೊಂದು ಜೋಡಿ ಬಂಧ ಸೇರಿಸಿ ಅದನ್ನು ಲಿನೋಲೀಕ್ ಅನ್ನುವ ಇನ್ನೊಂದು ಕೊಬ್ಬಿನ ಆಮ್ಲ ಮಾಡುತ್ತದೆ. ಕಿಣ್ವ ಸುಮ್ನೆ ಕೂತರೆ ಒಲೀಕ್ ಒಲೀಕಾಗಿಯೇ ಉಳಿಯುತ್ತದೆ.

ಈಗ ನಿಜವಾದ ದೂರು. ‘ನೆಲಗಡಲೆಯು ಅಲೋಟೆಟ್ರಾಪ್ಲಾಯ್ಡ್ ಸಸ್ಯವಾಗಿದೆ’ ಅಂತ ಒಂದು ಸಾಲು ಬರೆದು ಮುಂದೆ ಓಡಿದ್ದೀರಿ. ಅಲ್ಲೇ ಅಲ್ವಾ ಕಥೆ ಇರುವುದು? ದಕ್ಷಿಣ ಅಮೆರಿಕದ ಎರಡು ಕಾಡು ಜಾತಿಗಳು ಕೂಡಿ ಹುಟ್ಟಿದ ಗಿಡ ಇದು, ತಲಾ 20 ಕ್ರೋಮೋಸೋಮ್ ಬಂದು ಒಟ್ಟು 40, ಹಾಗಾಗಿ ಫ್ಯಾಡ್2 ಕೂಡ ಎರಡು ಮನೆಯಿಂದ ಬಂದಿದೆ, ಎ ಒಂದು, ಬಿ ಒಂದು. ಒಂದು ಕೆಟ್ಟರೆ ಇನ್ನೊಂದು ಕೆಲಸ ಮುಂದುವರಿಸುತ್ತದೆ. ಎರಡೂ ಕೆಡಬೇಕು. ಕೆಟ್ಟ ರೀತಿಯೂ ಬೇರೆ ಬೇರೆ, ನಮ್ಮಂಥ ಪ್ರೂಫ್ ನೋಡುವವರಿಗೆ ಬೇಗ ಅರ್ಥವಾಗುವಂಥದ್ದು: ಎ ಪ್ರತಿಯಲ್ಲಿ 448ನೇ ಡಿಎನ್‌ಎ ಅಕ್ಷರ ‘ಜಿ’ ಬದಲು ‘ಎ’ ಆಗಿದೆ; ಬಿ ಪ್ರತಿಯಲ್ಲಿ 441 ಆದ ಮೇಲೆ ಒಂದು ‘ಎ’ ಜಾಸ್ತಿ ನುಗ್ಗಿ, ಅಲ್ಲಿಂದ ಮುಂದಿನ ಓದೆಲ್ಲ ಜರುಗಿಹೋಗಿದೆ.

ಮಾಮೂಲಿ ತಳಿಗೂ ಈ ಒಲೀಕ್ ಹೆಚ್ಚಿರುವ ತಳಿಗೂ ಅಡ್ಡತಳಿ ಮಾಡಿದರೆ ಎರಡನೇ ಪೀಳಿಗೆಯಲ್ಲಿ ಎರಡೂ ಪೂರ್ತಿ ಕೆಟ್ಟಿರುವ ಬೀಜ ಸರಾಸರಿ 16ಕ್ಕೆ ಒಂದು. ಎಣ್ಣೆಯ ಗುಣ ಆಯಾ ಬೀಜದ ಸ್ವಂತ ಲೆಕ್ಕ, ತಾಯಿ ಗಿಡದ್ದಲ್ಲ. ಒಂದೇ ಸಿಪ್ಪೆಯೊಳಗಿನ ಎರಡು ಬೀಜ ಎರಡು ಥರ ಇರಬಹುದು! ಹಾಗಾಗಿ ಮೊಳಕೆಯ ತುದಿ ಬಿಟ್ಟು ಇನ್ನೊಂದು ತುದಿಯಿಂದ ಚೂರು ಕತ್ತರಿಸಿ ಪರೀಕ್ಷೆಗೆ ಕೊಟ್ಟು, ಉಳಿದದ್ದನ್ನು ಬಿತ್ತುವುದುಂಟು. ಇಂಥ ದೃಶ್ಯ ಕೈಯಲ್ಲಿದ್ದೂ ಬಿಟ್ಟಿದ್ದೀರಿ ಅಂದರೆ ನನಗೆ ಹೊಟ್ಟೆ ಉರಿಯುತ್ತದೆ.

ಇತಿಹಾಸಕ್ಕೆ ಮೂರು ಪುಟ ಬೇಡ. 1987ರಲ್ಲಿ ಅಮೆರಿಕದ ಫ್ಲೋರಿಡಾದ ವಿಜ್ಞಾನಿಗಳು ಎಣ್ಣೆಯಲ್ಲಿ ಒಲೀಕ್ ಸುಮಾರು 80, ಲಿನೋಲೀಕ್ ಬರೀ 2 ಶೇಕಡಾ ಇರುವ ಎಫ್435 ಅನ್ನುವ ನೆಲಗಡಲೆ ಸಂತತಿಯ ಬಗ್ಗೆ ವರದಿ ಮಾಡಿದರು. ಅದರಿಂದ ಸನ್‌ಓಲೀಕ್ 95ಆರ್ ತಳಿ ಬಂತು. ಅದನ್ನು ಅಡ್ಡತಳಿಗೆ ಬಳಸಿ, ಡಿಎನ್‌ಎ ಗುರುತು ನೋಡಿ ಆರಿಸುತ್ತ ಹೋಗಿ, ಹೈದರಾಬಾದಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮತ್ತು ಜುನಾಗಢದ ನೆಲಗಡಲೆ ಸಂಶೋಧನಾಲಯ ನಮ್ಮಲ್ಲಿ ಗಿರ್ನಾರ್ 4, ಗಿರ್ನಾರ್ 5 ಅನ್ನುವ ಒಲೀಕ್ ಹೆಚ್ಚಿರುವ ತಳಿ ತಂದವು. ಒಂದು ಪ್ಯಾರಾ ಸಾಕು.

‘ಹೃದಯಾಘಾತ ಬರುವುದೇ ಇಲ್ಲ’ ಅನ್ನುವ ಸಾಲು ಹೊಡೆದುಹಾಕಿದ್ದೇನೆ. ಅದರ ಬಗ್ಗೆ ಚರ್ಚೆ ಬೇಡ.

ಶುರು ಎಲ್ಲಿಂದ? ನಿಮ್ಮ ಕೊನೆಯ ಪುಟದಿಂದ. ನಮ್ಮ ಮನೆಗಳಲ್ಲಿ ತೆಂಗಿನೆಣ್ಣೆಯೇ ಅಡುಗೆಗೆ, ಓದುಗ ಮೊದಲು ಕೇಳುವುದೇ ‘ನಮಗೆ ಇದು ಎಂತಕ್ಕೆ?’ ಅಂತ. ಉತ್ತರ ನಿಮ್ಮ ದೊಡ್ಡಮ್ಮನ ಡಬ್ಬಿಯಲ್ಲಿದೆ: ಮೇ ತಿಂಗಳಲ್ಲಿ ಹುರಿದು ತುಂಬಿಸಿಟ್ಟ ನೆಲಗಡಲೆ ಆಟಿ (ತುಳುನಾಡಿನ ಮಳೆಗಾಲದ ತಿಂಗಳು) ಬರುವಷ್ಟರಲ್ಲಿ ಕಮಟು ವಾಸನೆ. ಎರಡು ಜೋಡಿ ಬಂಧ ಇರುವ ಲಿನೋಲೀಕ್ ಮೇಲೆ ಗಾಳಿಯ ಆಮ್ಲಜನಕ ಬೇಗ ಕೈಹಾಕುತ್ತದೆ, ಒಂದೇ ಇರುವ ಒಲೀಕ್ ತುಂಬಾ ದಿನ ತಡೆಯುತ್ತದೆ. ಹುರಿದ ಬೀಜ ಮೆತ್ತಗಾಗುವುದು ಮಾತ್ರ ಬೇರೆ ವಿಷಯ. ಅದು ಮಳೆಗಾಲದ ತೇವ, ಅದಕ್ಕೆ ಫ್ಯಾಡ್2 ಮದ್ದಲ್ಲ. ಇವೆರಡನ್ನು ನೀವು ಕಲಸಿಬಿಟ್ಟಿದ್ದೀರಿ, ಬೇರೆ ಮಾಡಿ.

‘ಅಪರ್ಯಾಪ್ತ ಮೇದಾಮ್ಲ ಸಂಯೋಜನೆ’ ಥರದ ಮಾತುಗಳಿಗೆಲ್ಲ ಕೆಂಪು ಗೆರೆ ಎಳೆದಿದ್ದೇನೆ. ನಾಲ್ಕು ಪುಟ, ಅದಕ್ಕಿಂತ ಜಾಸ್ತಿ ಬೇಡ. ದೊಡ್ಡಮ್ಮ ಆ ಡಬ್ಬಿಯ ಮುಚ್ಚಳ ತೆಗೆದಾಗ ಏನು ಹೇಳಿದರು ಅಂತ ನೀವು ಬರೆದೇ ಇಲ್ಲ, ಕೇಳಿ ಬರೆಯಿರಿ.