ಮೊದಲು ತಿದ್ದು, ಆಮೇಲೆ ಟೈಪ್ ಮಾಡು

ಪ್ರಶ್ನೆ: ನಾನು ಹತ್ತನೇ ಕ್ಲಾಸು. ನಮ್ಮ ಕಡೆಯ ನೀರಿನ ಸುರಂಗಗಳ ಬಗ್ಗೆ ಸಂಶೋಧನಾ ಪ್ರಬಂಧ ಬರೆದಿದ್ದೇನೆ. ತಿದ್ದಿ, ಟೈಪ್ ಮಾಡಿ ಕೊಡುವುದು ಹೇಗೆ?
– ಓದುಗ, ಬದಿಯಡ್ಕ

ಉತ್ತರ: ತುಂಬಾ ಒಳ್ಳೆಯ ವಿಷಯ ಹಿಡಿದಿದ್ದೀಯ. ಟೈಪಿಂಗಿಗೆ ಈಗಲೇ ಕೂರಬೇಡ. ಮೊದಲು ಇಡೀ ಪ್ರಬಂಧವನ್ನು ಜೋರಾಗಿ ಓದು, ನಾಲಿಗೆ ತಡವರಿಸಿದಲ್ಲಿ ವಾಕ್ಯ ಒಡೆ. ಒಂದೊಂದು ಪ್ಯಾರಾ ನೋಡಿ ಕೇಳಿಕೋ: ಇದು ನನ್ನ ಪ್ರಶ್ನೆಗೆ ಉತ್ತರವಾ, ಸುಮ್ನೆ ತುಂಬಿಸಿದ್ದಾ? ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ತರುವ ಕ್ರಮ ವಿವರಿಸುವಾಗ ಸುರಂಗ ತೋಡಿದವರು ಹೇಳಿದ್ದು ಯಾವುದು, ನೀನೇ ಅಳೆದದ್ದು ಯಾವುದು, ಪುಸ್ತಕದಿಂದ ತೆಗೆದದ್ದು ಯಾವುದು ಅಂತ ಓದುವವರಿಗೆ ಬೇರೆ ಬೇರೆಯಾಗಿ ಗೊತ್ತಾಗಲೇಬೇಕು. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಮಾತಾಡಿಸಿದವರ ಹೆಸರು ಹಾಕುವ ಮುಂಚೆ ಅವರನ್ನು ಕೇಳು, ಊರು, ತಾರೀಕು ಬರೆ.

ಶಾಲೆಯಲ್ಲಿ ನಿಯಮ ಕೊಟ್ಟಿದ್ದರೆ ಅದೇ ಸರಿ. ಇಲ್ಲದಿದ್ದರೆ ಎ4 ಹಾಳೆ, ಸುತ್ತ 1 ಇಂಚು ಅಂಚು, 12 ಪಾಯಿಂಟ್ ಅಕ್ಷರ, ಸಾಲುಗಳ ನಡುವೆ 1.5 ಅಂತರ, ಪುಟಸಂಖ್ಯೆ ಸಾಕು. ಚಿತ್ರದ ಕೆಳಗೆ ವಿವರಣೆ ಇರಲಿ. ಟೈಪ್ ಮಾಡುವಾಗ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಗೊತ್ತಾಗುವ ಅಕ್ಷರ ಸಂಕೇತ) ಫಾಂಟೇ ಬಳಸು, ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ಪ್ರಿಂಟಿಗೆ ಪಿಡಿಎಫ್ ಮಾಡಿಯೇ ಕೊಡು.