ಪನೆಟ್ಟೋನೆ ಕುಸಿದದ್ದೇಕೆ?

ಪ್ರಶ್ನೆ: ಮಗಳು ಮಿಲಾನ್‌ನಿಂದ ತಂದ ಕ್ರಿಸ್‌ಮಸ್ ಸಿಹಿ ಬ್ರೆಡ್ಡು ಪನೆಟ್ಟೋನೆ ಹತ್ತಿಯಷ್ಟು ಹಗುರವಾಗಿತ್ತು. ನಾನು ಮಾಡಿದ್ದು ಚೆನ್ನಾಗಿಯೇ ಉಬ್ಬಿತು, ಆದರೆ ಓವನ್‌ನಿಂದ ತೆಗೆದು ಮೇಜಿನ ಮೇಲಿಟ್ಟು ಆರಿಸುವಷ್ಟರಲ್ಲಿ ನಡುವೆ ಕುಸಿಯಿತು. ಏಕೆ?
– ಓದುಗರೊಬ್ಬರು, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ನೆಟ್ಟಗೆ ಇಟ್ಟು ಆರಿಸಿದ್ದೇ ಕಾರಣ, ತಾಯಿ. ಇಟಲಿಯ 2005ರ ನಿಯಮದಂತೆ ಇದರಲ್ಲಿ ಬೆಣ್ಣೆಯೇ ಕನಿಷ್ಠ ಶೇ 16 ಇರಬೇಕು. ಮೇಲೆ ಮೊಟ್ಟೆಯ ಹಳದಿ, ಒಣದ್ರಾಕ್ಷಿ, ಸಕ್ಕರೆ ಪಾಕದ ಕಿತ್ತಳೆ ಸಿಪ್ಪೆ. ಬಿಸಿಯಿರುವಾಗ ಇಷ್ಟು ಭಾರವನ್ನು ಆ ಮೃದು ಒಡಲು ಹೊರಲಾರದು. ಅಲ್ಲಿನವರು ಬುಡದ ಬಳಿ ಎರಡು ಕಡ್ಡಿ ಚುಚ್ಚಿ, ತಲೆಕೆಳಗಾಗಿ ತೂಗುಹಾಕಿ ಗಂಟೆಗಟ್ಟಲೆ ಆರಿಸುತ್ತಾರೆ. ಧಾರವಾಡದ ನನ್ನ ಅಡುಗೆಮನೆಯಲ್ಲಿ ಸ್ವೆಟರ್ ಹೆಣೆಯುವ ಕಡ್ಡಿಗಳನ್ನು ಚುಚ್ಚಿ, ಜೋಳದ ಹಿಟ್ಟಿನ ಎರಡು ಎತ್ತರದ ಡಬ್ಬಿಗಳ ನಡುವೆ ರಾತ್ರಿಯಿಡೀ ತೂಗುಬಿಟ್ಟೆ. ಬೆಳಿಗ್ಗೆ ಗುಮ್ಮಟ ಗೋಳಗುಮ್ಮಟದಂತೆಯೇ ನಿಂತಿತ್ತು! ದಯವಿಟ್ಟು ಕೈಬಿಡಬೇಡಿ, ಇನ್ನೊಮ್ಮೆ ಮಾಡಿ.